ವರ್ಲ್ಡ್ ಸೀರೀಸ್ ಟೀವಿಯಲ್ಲಿ ಬಂದರೆ ಬೇಸ್‌ಬಾಲ್ ಅಭಿಮಾನಿಗೇ ಯಾಕೆ ಸಿಟ್ಟು?

2025ರ ಅಕ್ಟೋಬರ್ 27. ಲಾಸ್ ಏಂಜಲೀಸ್‌ನಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಲೀಗಿನ ಫೈನಲ್ ಸರಣಿಯ, ಮೂರನೇ ಪಂದ್ಯ, ಡಾಡ್ಜರ್ಸ್ ಮತ್ತು ಟೊರೊಂಟೊ ಬ್ಲೂ ಜೇಸ್ ನಡುವೆ. 9 ಇನ್ನಿಂಗ್ಸ್‌ಗೆ ಮುಗಿಯಬೇಕಿದ್ದ ಆಟ 18 ಇನ್ನಿಂಗ್ಸ್‌ವರೆಗೆ ಎಳೆಯಿತು. 6 ಗಂಟೆ 39 ನಿಮಿಷ ಆದಮೇಲೆ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಒಂದು ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದು 6-5ಕ್ಕೆ ಆಟ ಮುಗಿಸಿದರು. ಆಗ ಲಾಸ್ ಏಂಜಲೀಸ್‌ನಲ್ಲಿ ಮಧ್ಯರಾತ್ರಿಗೆ ಹತ್ತು ನಿಮಿಷ ಬಾಕಿ. ಟೊರೊಂಟೊದಲ್ಲಿ, ನ್ಯೂಯಾರ್ಕ್‌ನಲ್ಲಿ, ನಮ್ಮ ಕನ್ನಡಿಗರು ತುಂಬಿರುವ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ 2:50. ಮಾರನೇ ದಿನ ಮಂಗಳವಾರ, ಆಫೀಸು ಇದೆ, ಮಕ್ಕಳಿಗೆ ಶಾಲೆ ಇದೆ.

(ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಲೆಕ್ಕ ಉಲ್ಟಾ. ಬೆಳಿಗ್ಗೆ ಐದೂವರೆ ದಾಟಿದ ಮೇಲೆ ಕಾಫಿ ಜೊತೆ ಶುರುವಾದದ್ದು ಮಧ್ಯಾಹ್ನ 12:20ಕ್ಕೆ, ಊಟದ ಹೊತ್ತಿಗೆ ಮುಗಿಯಿತು.)

ಆಟ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಪ್ರತಿ ಅಕ್ಟೋಬರ್‌ನಲ್ಲಿ ಕೇಳಿಬರುವ ಗೊಣಗಾಟ ಈ ಸಲವೂ ಕೇಳಿಬಂತು. ಆಟ ಇಷ್ಟು ತಡವಾಗಿ ಯಾಕೆ ಶುರು? ಜಾಹೀರಾತು ಇಷ್ಟು ಯಾಕೆ? ಈ ಕಾಮೆಂಟೇಟರ್ ನಮ್ಮ ತಂಡದ ಮೇಲೆ ಯಾಕೆ ಹಗೆ ಸಾಧಿಸುತ್ತಾನೆ? ಇದೆಲ್ಲ ತಣ್ಣಗಾಗುವ ಮೊದಲೇ ನವೆಂಬರ್ 19ಕ್ಕೆ ಮೇಜರ್ ಲೀಗ್ ಬೇಸ್‌ಬಾಲ್ ಹೊಸ ಪ್ರಸಾರ ಒಪ್ಪಂದಗಳನ್ನು ಪ್ರಕಟಿಸಿತು. ಅಲ್ಲಿಗೆ ತಲೆ ಪೂರ್ತಿ ಕೆಟ್ಟುಹೋಯಿತು.

ಯಾರ ಹತ್ತಿರ ಏನಿದೆ

ಹೊಸ ಒಪ್ಪಂದ 2026ರಿಂದ 2028ರವರೆಗೆ, ಮೂರು ಸೀಸನ್‌ಗೆ. ಭಾನುವಾರ ರಾತ್ರಿಯ ಪಂದ್ಯಗಳು ಮತ್ತು ಪ್ಲೇಆಫ್‌ನ ಮೊದಲ ಸುತ್ತು ಎನ್‌ಬಿಸಿ ಪಾಲಿಗೆ. ಸೀಸನ್ನಿನ ಮೊದಲ ರಾತ್ರಿಯ ಪಂದ್ಯ ಮತ್ತು ಹೋಮ್ ರನ್ ಡರ್ಬಿ (ಹೋಮ್ ರನ್ ಹೊಡೆಯುವ ಸ್ಪರ್ಧೆ) ನೆಟ್‌ಫ್ಲಿಕ್ಸ್‌ಗೆ. ಲೀಗಿನ ಸ್ವಂತ ಸ್ಟ್ರೀಮಿಂಗ್ ಸೇವೆಯನ್ನು ಮಾರುವ ಕೆಲಸ ಇಎಸ್‌ಪಿಎನ್‌ಗೆ. ಶುಕ್ರವಾರದ ಎರಡು ಪಂದ್ಯಗಳು ಮೊದಲಿನ ಹಾಗೆ ಆಪಲ್ ಟೀವಿಯಲ್ಲಿ. ಸೆಮಿಫೈನಲ್ ಅನ್ನಬಹುದಾದ ಎರಡು ಸರಣಿಗಳಲ್ಲಿ ಒಂದು ಫಾಕ್ಸ್‌ಗೆ, ಇನ್ನೊಂದು ಟಿಬಿಎಸ್‌ಗೆ, ಅದೂ ವರ್ಷ ಬಿಟ್ಟು ವರ್ಷ ಅದಲುಬದಲು. ಒಂದೇ ತಂಡವನ್ನು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹಿಂಬಾಲಿಸಬೇಕು ಅಂದರೆ ಎಷ್ಟು ಕಡೆ ದುಡ್ಡು ಕಟ್ಟಬೇಕು ಅಂತ ಬೆರಳೆಣಿಸಿ ಲೆಕ್ಕ ಹಾಕಬೇಕಾದ ಸ್ಥಿತಿ.

ಆದರೆ ವರ್ಲ್ಡ್ ಸೀರೀಸ್ ಎಲ್ಲಿಗೂ ಹೋಗಿಲ್ಲ. ಅದು 2000ದಿಂದ ಫಾಕ್ಸ್ ಒಂದರಲ್ಲೇ ಬರುತ್ತಿದೆ, 2028ರವರೆಗೂ ಅಲ್ಲೇ ಬರುತ್ತದೆ. 2022ರಿಂದ 2028ರವರೆಗಿನ ಈ ಹಕ್ಕಿಗೆ (ಬರೀ ಫೈನಲ್‌ಗಲ್ಲ, ಜೊತೆಗೆ ಬೇರೆ ಪಂದ್ಯಗಳೂ ಇವೆ) ಫಾಕ್ಸ್ ಕೊಡಲು ಒಪ್ಪಿದ್ದು 510 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಫಾಕ್ಸ್ ಅಮೆರಿಕದಲ್ಲಿ ಆಂಟೆನಾ ಹಾಕಿದರೆ ಪುಕ್ಕಟೆ ಸಿಗುವ ಚಾನೆಲ್. ಇಷ್ಟೆಲ್ಲ ಹಂಚಿಹೋದ ಆಟದಲ್ಲಿ ಫೈನಲ್ ಅಂತೂ ಇನ್ನೂ ಕಾಸಿಲ್ಲದೆ ನೋಡಬಹುದು.

ಅಂದಮೇಲೆ ಸಿಟ್ಟು ಯಾಕೆ?

ಈ ಪ್ರಸಾರ ಯಾರಿಗೋಸ್ಕರ?

2023ರ ವರ್ಲ್ಡ್ ಸೀರೀಸ್ ಟೆಕ್ಸಸ್ ಮತ್ತು ಅರಿಜೋನಾ ತಂಡಗಳ ನಡುವೆ ನಡೆಯಿತು. ಅಮೆರಿಕದಲ್ಲಿ ಪಂದ್ಯಕ್ಕೆ ಸರಾಸರಿ 91 ಲಕ್ಷ ಜನ ನೋಡಿದರು. ದಾಖಲೆಯಲ್ಲಿರುವ ಸಂಖ್ಯೆಗಳಲ್ಲೇ ಅದು ಅತಿ ಕಡಿಮೆ. ಮರುವರ್ಷ ನ್ಯೂಯಾರ್ಕ್ ಯಾಂಕೀಸ್ ಮತ್ತು ಡಾಡ್ಜರ್ಸ್ ಎದುರಾದಾಗ ಅದು ಸುಮಾರು 1 ಕೋಟಿ 58 ಲಕ್ಷಕ್ಕೆ ಏರಿತು. ಒಂದೇ ವರ್ಷದಲ್ಲಿ 67 ಲಕ್ಷ ಜಾಸ್ತಿ.

ಈ 67 ಲಕ್ಷ ಜನ ಯಾರು? ಬೇಸ್‌ಬಾಲ್ ಹುಚ್ಚಿರುವವರಂತೂ ಇರಲಾರರು. ಹುಚ್ಚಿರುವವರು ಟೆಕ್ಸಸ್ ಆಡಲಿ, ಅರಿಜೋನಾ ಆಡಲಿ, ಹೇಗಿದ್ದರೂ ನೋಡುತ್ತಾರೆ. ಇವರು ದೊಡ್ಡ ಹೆಸರು ಕೇಳಿ ಬಂದವರು, ಡಾಡ್ಜರ್ಸ್‌ನ ಜಪಾನಿ ತಾರೆ ಶೊಹೆ ಒಹ್ಟಾನಿ ಆಡುತ್ತಾನಂತೆ ಅಂತ ಟೀವಿ ಹಾಕಿದವರು, ವರ್ಷಕ್ಕೊಮ್ಮೆ ಬರುವ ನೆಂಟರು. ಜಾಹೀರಾತಿನ ದರ ಏರುವುದು ಇವರಿಂದ. ಇಡೀ ವರ್ಷ ಬಿಡದೆ ನೋಡುವವನು ಏನೇ ಮಾಡಿದರೂ ಎದ್ದು ಹೋಗುವುದಿಲ್ಲ, ಆದ್ದರಿಂದ ಅವನನ್ನು ಖುಷಿಪಡಿಸುವ ದರ್ದು ಯಾರಿಗೂ ಇಲ್ಲ. ಮದುವೆ ಮನೆಯಲ್ಲಿ ಮನೆಯವರು ಕೊನೆ ಪಂಕ್ತಿಯಲ್ಲಿ ಕೂರುತ್ತಾರಲ್ಲ, ಹಾಗೆ.

ಅಭಿಮಾನಿಗಳ ದೂರುಗಳು ನೋಡುವುದಕ್ಕೆ ಬೇರೆಬೇರೆ. ಆದರೆ ಒಂದೊಂದನ್ನೇ ಹಿಡಿದು ಎಳೆದರೆ ಬಹುತೇಕ ಎಲ್ಲದರ ಬೇರೂ ಇಲ್ಲಿಗೇ ಬಂದು ಮುಟ್ಟುತ್ತದೆ.

ರಾತ್ರಿ ಎಂಟರ ಕಥೆ

ವರ್ಲ್ಡ್ ಸೀರೀಸ್ 1903ರಲ್ಲಿ ಶುರುವಾದದ್ದು. 1947ರಲ್ಲಿ ಮೊದಲ ಸಲ ಟೀವಿಯಲ್ಲಿ ಬಂತು. 1971ರವರೆಗೆ ಎಲ್ಲ ಪಂದ್ಯವೂ ಹಗಲು ಹೊತ್ತಿನಲ್ಲೇ. ಶಾಲೆಯಲ್ಲಿ ಮೇಜಿನ ಕೆಳಗೆ ರೇಡಿಯೋ ಬಚ್ಚಿಟ್ಟುಕೊಂಡು ಕೇಳಿದ ಒಂದು ತಲೆಮಾರೇ ಅಲ್ಲಿದೆ.

1971ರ ಅಕ್ಟೋಬರ್ 13ಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ರಾತ್ರಿ ಪಂದ್ಯ ಆಡಿಸಿದರು. ಸುಮಾರು 6 ಕೋಟಿ ಜನ ನೋಡಿದರು ಎಂದು ಆಗ ಅಂದಾಜು ಮಾಡಲಾಯಿತು. ಹಗಲಲ್ಲಿ ಅಷ್ಟು ಜನ ಎಲ್ಲಿ ಸಿಗುತ್ತಾರೆ? ಆಗಿನ ಕಮಿಷನರ್ (ಲೀಗಿನ ಮುಖ್ಯಸ್ಥ) ಬೋವಿ ಕೂನ್‌ಗೆ ದಾರಿ ಸ್ಪಷ್ಟವಾಯಿತು. 1976ರಲ್ಲಿ ಎನ್‌ಬಿಸಿ ಕೇಳಿತೆಂದು ಸಿನ್ಸಿನಾಟಿಯಲ್ಲಿ ಭಾನುವಾರದ ಪಂದ್ಯವನ್ನೂ ರಾತ್ರಿಗೆ ತಳ್ಳಿದರು. ಅಕ್ಟೋಬರ್ ಮಧ್ಯ, ಕೊರೆಯುವ ಚಳಿ, ಸುತ್ತ ಕೂತವರೆಲ್ಲ ಕೋಟು ಸುತ್ತಿಕೊಂಡಿದ್ದಾರೆ. ಕೂನ್ ಮಾತ್ರ ಮೇಲುಕೋಟಿಲ್ಲದೆ ಕೂತಿದ್ದರು, ಚಳಿ ಏನೂ ಇಲ್ಲ ಅಂತ ಕ್ಯಾಮೆರಾಗೆ ತೋರಿಸುವುದಕ್ಕೆ! ಒಳಗೆ ಬೆಚ್ಚನೆಯ ಒಳಉಡುಪು ಹಾಕಿದ್ದರು ಎಂಬ ಮಾತು ಆಮೇಲೆ ಹರಡಿ, ಇವತ್ತಿಗೂ ಜನ ಅದನ್ನು ಹೇಳಿಕೊಂಡು ನಗುತ್ತಾರೆ. 1985ರ ಹೊತ್ತಿಗೆ ಎಲ್ಲ ಪಂದ್ಯವೂ ರಾತ್ರಿಗೆ ಬಂತು. ಮಧ್ಯಾಹ್ನ ಶುರುವಾದ ಕೊನೆಯ ಪಂದ್ಯ 1987ರ ಆರನೆಯದು, ಅದೂ ಮಿನಿಯಾಪೊಲಿಸ್‌ನ ಮುಚ್ಚಿದ ಕ್ರೀಡಾಂಗಣದೊಳಗೆ.

ಈಗ ಶುರುವಾಗುವುದು ಪೂರ್ವ ಕರಾವಳಿಯ ಸಮಯದಲ್ಲಿ ರಾತ್ರಿ 8ರ ಮೇಲೆ. ಇಲ್ಲಿ ಟೀವಿಯವರ ವಾದವನ್ನೂ ಕೇಳಬೇಕು. ನ್ಯೂಯಾರ್ಕ್‌ನಲ್ಲಿ 8 ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5. ಅಲ್ಲಿನ ಜನ ಇನ್ನೂ ಟ್ರಾಫಿಕ್ಕಿನಲ್ಲಿ ಇರುತ್ತಾರೆ. 7ಕ್ಕೆ ಶುರು ಮಾಡಿದರೆ ಅವರಿಗೆ 4 ಗಂಟೆ, ಕೆಲಸದ ಹೊತ್ತು. ನಾಲ್ಕು ಗಡಿಯಾರ ಇರುವ ದೇಶದಲ್ಲಿ ಎಲ್ಲರಿಗೂ ಹಿತವಾದ ಸಮಯ ಅಂತ ಒಂದು ಸಿಗುವುದೇ ಇಲ್ಲ. ಸರಿಯಾದ ಮಾತೇ. ಆದರೆ ದೇಶದ ಸುಮಾರು ಅರ್ಧ ಜನ ಪೂರ್ವದ ಗಡಿಯಾರದವರು. ಅವರ ಮಕ್ಕಳು ಫೈನಲ್‌ನ ಕೊನೆಯ ಇನ್ನಿಂಗ್ಸ್ ನೋಡದೆ ಬೆಳೆಯುತ್ತಿದ್ದಾರೆ. ಈ ನಷ್ಟ ಈ ವರ್ಷದ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ, ಇಪ್ಪತ್ತು ವರ್ಷ ಬಿಟ್ಟು ಕಾಣುತ್ತದೆ.

ಮೂರು ನಿಮಿಷದ ಬಿಡುವು

ಬೇಸ್‌ಬಾಲ್‌ನಲ್ಲಿ ಒಂದು ಇನ್ನಿಂಗ್ಸ್‌ಗೆ ಎರಡು ಅರ್ಧ. ಒಂದು ತಂಡ ಬ್ಯಾಟ್ ಮಾಡಿ ಮೂವರು ಔಟಾದರೆ ಇನ್ನೊಂದು ತಂಡದ ಸರದಿ. 9 ಇನ್ನಿಂಗ್ಸ್ ಪೂರ್ತಿ ಆಡಿದರೆ ನಡುವೆ 17 ಬಿಡುವು ಬರುತ್ತದೆ. ಮಾಮೂಲಿ ಸೀಸನ್‌ನಲ್ಲಿ ಒಂದೊಂದು ಬಿಡುವು ಸುಮಾರು 2 ನಿಮಿಷ. ಪ್ಲೇಆಫ್ ಬಂದರೆ ಅದು 3 ನಿಮಿಷದ ಹತ್ತಿರ ಹೋಗುತ್ತದೆ. ಆಟಗಾರರು ಬದಲಾಗುವುದಕ್ಕೆ ಅಷ್ಟು ಹೊತ್ತು ಬೇಡ, ಜಾಹೀರಾತಿಗೆ ಬೇಕು. ಗುಣಿಸಿ ನೋಡಿ. ಒಂದು ಪಂದ್ಯದಲ್ಲಿ ಮುಕ್ಕಾಲು ಗಂಟೆಗೂ ಜಾಸ್ತಿ ಬರೀ ಬಿಡುವು. ಮಧ್ಯದಲ್ಲಿ ಪಿಚರ್ (ಬಾಲ್ ಎಸೆಯುವವನು) ಬದಲಾದಾಗ ಬರುವುದು ಬೇರೆ. ಆ ಅಕ್ಟೋಬರ್ 27ರ ಪಂದ್ಯಕ್ಕೆ ಇದೇ ಲೆಕ್ಕ ಹಿಡಿದರೆ 35 ಬಿಡುವು, ಒಂದೂವರೆ ಗಂಟೆ ದಾಟುತ್ತದೆ.

ತಮಾಷೆ ಏನು ಗೊತ್ತಾ? ಆಟವನ್ನು ಚುರುಕು ಮಾಡಬೇಕು ಅಂತ ಲೀಗೇ 2023ರಲ್ಲಿ ಪಿಚ್ ಕ್ಲಾಕ್ ತಂದಿತು. ಬೇಸ್‌ಗಳಲ್ಲಿ ಓಟಗಾರ ಯಾರೂ ಇಲ್ಲದಿದ್ದರೆ 15 ಸೆಕೆಂಡ್ ಒಳಗೆ ಪಿಚರ್ ಬಾಲ್ ಎಸೆಯಲೇಬೇಕು. 9 ಇನ್ನಿಂಗ್ಸ್ ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ ಒಂದೇ ವರ್ಷದಲ್ಲಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟಗಾರರು ಉಳಿಸಿಕೊಟ್ಟ ಹೊತ್ತಿನ ಒಂದು ಭಾಗವನ್ನು ಅಕ್ಟೋಬರ್‌ನಲ್ಲಿ ಜಾಹೀರಾತು ವಾಪಸ್ ತಿಂದುಹಾಕುತ್ತದೆ.

ಓವರ್ ಮುಗಿಯುವ ಮೊದಲೇ ನುಗ್ಗುವ ಜಾಹೀರಾತನ್ನು ಐಪಿಎಲ್‌ನಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರ ವರ್ಲ್ಡ್ ಸೀರೀಸ್‌ನಲ್ಲಿ ಫಾಕ್ಸ್ 6 ಸೆಕೆಂಡಿನ ಜಾಹೀರಾತುಗಳನ್ನು ಆಟದ ನಡುವೆಯೇ ತಂದಿತು. 2024ರ ಪ್ಲೇಆಫ್‌ನಿಂದ ಬ್ಯಾಟರ್‌ಗಳ ಹೆಲ್ಮೆಟ್ ಮೇಲೂ ಒಂದು ಜರ್ಮನ್ ಬಟ್ಟೆ ಕಂಪನಿಯ ಹೆಸರು ಬಂತು. ಮುಂದೆ ಇನ್ನೆಲ್ಲಿ ಜಾಗ ಉಳಿದಿದೆಯೋ!

ನಮ್ಮವರ ದನಿ ಎಲ್ಲಿ ಹೋಯ್ತು?

ಅಭಿಮಾನಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ಇದು. ಹೊರಗಿನವರಿಗೆ ಸುಲಭವಾಗಿ ಅರ್ಥವಾಗದ್ದೂ ಇದೇ.

ಮಾಮೂಲಿ ಸೀಸನ್‌ನಲ್ಲಿ ಒಂದು ತಂಡ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ದಿನಾ ಆಟ. ಪ್ರತಿ ತಂಡಕ್ಕೂ ಅದರದೇ ಟೀವಿ ಕಾಮೆಂಟೇಟರ್‌ಗಳು ಇರುತ್ತಾರೆ. ಆರು ತಿಂಗಳು ಅದೇ ದನಿ ಅಡುಗೆಮನೆವರೆಗೆ ಕೇಳಿಸುತ್ತಿರುತ್ತದೆ. ವಿನ್ ಸ್ಕಲ್ಲಿ ಎಂಬವರು 67 ಸೀಸನ್ ಡಾಡ್ಜರ್ಸ್ ಆಟ ಹೇಳಿ 2016ರಲ್ಲಿ ನಿವೃತ್ತರಾದರು. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ದನಿ ಕೇಳಿದ ಮನೆಗಳಿವೆ. ಪ್ಲೇಆಫ್ ಬಂದ ತಕ್ಷಣ ಸ್ಥಳೀಯ ಟೀವಿ ತಂಡ ಮನೆಗೆ ಹೋಗುತ್ತದೆ. ರಾಷ್ಟ್ರೀಯ ಚಾನೆಲ್‌ನ ಹೊಸಬರು ಬಂದು, ನಮ್ಮ ಹುಡುಗ ಏಪ್ರಿಲ್‌ನಿಂದ ಏನು ಮಾಡುತ್ತಿದ್ದಾನೆ ಅಂತ ನಮಗೇ ವಿವರಿಸುತ್ತಾರೆ.

ಅವರು ವಿವರಿಸುವುದು ನೆಂಟರಿಗೆ. ಅದು ಅವರ ಕೆಲಸ. ಆದರೆ ದಿನಾ ನೋಡುವವನಿಗೆ ಅದು ಗೊತ್ತಿದ್ದದ್ದನ್ನೇ ಮತ್ತೆ ಕೇಳುವ ಶಿಕ್ಷೆ. ಅದರ ಮೇಲೆ ಪಕ್ಷಪಾತದ ಅನುಮಾನ. ಸ್ಥಳೀಯ ಕಾಮೆಂಟೇಟರ್ ನಮ್ಮ ತಂಡ ಹೊಡೆದಾಗ ಕುಣಿಯುತ್ತಾನೆ, ರಾಷ್ಟ್ರೀಯ ಕಾಮೆಂಟೇಟರ್ ಎರಡೂ ಕಡೆ ಒಂದೇ ದನಿಯಲ್ಲಿ ಕೂಗುತ್ತಾನೆ. ಆರು ತಿಂಗಳು ಒಂದು ಕಡೆಯ ಮಾತು ಕೇಳಿ ಅಭ್ಯಾಸವಾದ ಕಿವಿಗೆ ಸಮತೂಕ ಅನ್ನುವುದೇ ಹಗೆಯ ಹಾಗೆ ಕೇಳಿಸುತ್ತದೆ. 1996ರಿಂದ 2021ರ ನಡುವೆ 24 ವರ್ಲ್ಡ್ ಸೀರೀಸ್ ಹೇಳಿದ ಜೋ ಬಕ್ ಅವರನ್ನು ಎರಡೂ ತಂಡದವರು ಒಂದೇ ರಾತ್ರಿ ಬೈಯುತ್ತಿದ್ದರು. ಎರಡೂ ಕಡೆಯವರು ಬೈದರೆ ಆ ಮನುಷ್ಯ ನಡುವೆ ನಿಂತಿದ್ದಾನೆ ಅಂತಲೇ ಅಲ್ವಾ?

ಅವರ ಜಾಗಕ್ಕೆ 2022ರಲ್ಲಿ ಬಂದ ಜೋ ಡೇವಿಸ್ ವಿಷಯ ಇನ್ನೂ ಮಜಾ. ಅವರು ಮಾಮೂಲಿ ಸೀಸನ್‌ನಲ್ಲಿ ಡಾಡ್ಜರ್ಸ್‌ನ ಸ್ಥಳೀಯ ಟೀವಿ ದನಿ. 2024 ಮತ್ತು 2025, ಎರಡೂ ಸಲ ಡಾಡ್ಜರ್ಸ್ ಫೈನಲ್‌ಗೆ ಬಂತು. ಅಂದರೆ ಲಾಸ್ ಏಂಜಲೀಸ್‌ನವರಿಗೆ ತಮ್ಮವರ ದನಿ ತಾನಾಗಿ ಸಿಕ್ಕಿಬಿಟ್ಟಿತು. ಎದುರಾಳಿ ಅಭಿಮಾನಿಗಳಿಗೆ ಅವರು ಎಷ್ಟೇ ನ್ಯಾಯವಾಗಿ ಮಾತಾಡಿದರೂ ಅನುಮಾನ ತಪ್ಪಲಿಲ್ಲ.

ಹಾಗಂತ ಇದಕ್ಕೆ ಪರಿಹಾರವೇ ಇಲ್ಲ ಅಂತಲ್ಲ. 1980ರಲ್ಲಿ ಫಿಲಡೆಲ್ಫಿಯಾ ತಂಡ ತನ್ನ ಇತಿಹಾಸದಲ್ಲೇ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಊರಿನ ಅಚ್ಚುಮೆಚ್ಚಿನ ಕಾಮೆಂಟೇಟರ್ ಹ್ಯಾರಿ ಕೇಲಸ್ ಅದನ್ನು ಹೇಳುವ ಹಾಗೆ ಇರಲಿಲ್ಲ, ಯಾಕೆಂದರೆ ಆಗ ಟೀವಿ, ರೇಡಿಯೋ ಎರಡರ ಹಕ್ಕೂ ರಾಷ್ಟ್ರೀಯ ಸಂಸ್ಥೆಗಳದ್ದು. ಕೊನೆಯ ಔಟನ್ನು ಕೇಲಸ್ ಆಮೇಲೆ ಸ್ಟುಡಿಯೋದಲ್ಲಿ ಕೂತು ಮತ್ತೆ ಹೇಳಿ ರೆಕಾರ್ಡ್ ಮಾಡಬೇಕಾಯಿತು. ಊರಿನ ಜನ ರೇಗಿದರು, ಗಲಾಟೆ ಮಾಡಿದರು. ಲೀಗ್ ಮಣಿಯಿತು, ತಂಡದ ಸ್ವಂತ ರೇಡಿಯೋ ಕೇಂದ್ರಕ್ಕೆ ವರ್ಲ್ಡ್ ಸೀರೀಸ್ ಹೇಳುವ ಅವಕಾಶ ಕೊಟ್ಟಿತು. ರೇಡಿಯೋದಲ್ಲಿ ಆ ಹಕ್ಕು ಇವತ್ತಿಗೂ ಇದೆ. ಟೀವಿಯಲ್ಲಿ ಮಾತ್ರ ಇಲ್ಲ.

ಟೀವಿಯಲ್ಲೂ ಸಾಧ್ಯ ಅನ್ನುವುದಕ್ಕೆ 2025ರಲ್ಲೇ ಉದಾಹರಣೆ ಸಿಕ್ಕಿತು. ಕೆನಡಾದಲ್ಲಿ ಸ್ಪೋರ್ಟ್ಸ್‌ನೆಟ್ ಚಾನೆಲ್ ಫೈನಲ್ ಅನ್ನು ತನ್ನದೇ ಡ್ಯಾನ್ ಶುಲ್ಮನ್ ಮತ್ತು ಬಕ್ ಮಾರ್ಟಿನೆಜ್ ದನಿಯಲ್ಲಿ ಕೊಟ್ಟಿತು. ಬ್ಲೂ ಜೇಸ್ ಅಭಿಮಾನಿಗಳು ವರ್ಷಪೂರ್ತಿ ಕೇಳುತ್ತಿದ್ದ ದನಿಗಳೇ ಅವು. ತಂಡ ಮತ್ತು ಚಾನೆಲ್ ಎರಡೂ ರಾಜರ್ಸ್ ಕಂಪನಿಯ ಕೈಯಲ್ಲೇ ಇರುವುದರಿಂದ ಅಲ್ಲಿ ಇದು ಸಲೀಸು. ಗಡಿಯ ಈಚೆ, ಅಮೆರಿಕದಲ್ಲಿ, 510 ಕೋಟಿ ಡಾಲರ್ ಒಪ್ಪಂದದ ಮಾಲೀಕ ಫಾಕ್ಸ್ ಒಬ್ಬನೇ. ಅವನಿಗೆ ಪೈಪೋಟಿ ಕೊಡುವ ಇನ್ನೊಂದು ದನಿಯನ್ನು ಅವನು ಯಾಕೆ ಬಿಟ್ಟುಕೊಡುತ್ತಾನೆ?

2015ರಲ್ಲಿ ಒಂದು ರಾತ್ರಿ ಅವನಿಗೆ ಬೇರೆ ದಾರಿ ಇರಲಿಲ್ಲ. ಕಾನ್ಸಾಸ್ ಸಿಟಿಯಲ್ಲಿ ಮೊದಲ ಪಂದ್ಯ, ನಾಲ್ಕನೇ ಇನ್ನಿಂಗ್ಸ್. ಫಾಕ್ಸ್‌ನ ಪ್ರಸಾರ ವಾಹನಗಳಿಗೆ ಕರೆಂಟ್ ಹೋಯಿತು. ಬದಲಿಗೆ ಇಟ್ಟಿದ್ದ ಜನರೇಟರ್ ಕೂಡ ಕೈಕೊಟ್ಟಿತು. ಟೀವಿಯಲ್ಲಿ ಚಿತ್ರ ಇಲ್ಲ. ಅಂಪೈರ್ ತೀರ್ಪು ಮರುಪರಿಶೀಲಿಸುವುದಕ್ಕೂ ವಿಡಿಯೋ ಇಲ್ಲ ಅಂತ ಮೈದಾನದಲ್ಲಿ ಆಟವೇ ಕೆಲವು ನಿಮಿಷ ನಿಂತಿತು. ಆಗ ಫಾಕ್ಸ್ ಮಾಡಿದ್ದೇನು? ಹೊರದೇಶಗಳಿಗೆ ಹೋಗುತ್ತಿದ್ದ ಲೀಗಿನ ಪ್ರಸಾರವನ್ನೇ ಎತ್ತಿ ತನ್ನ ಚಾನೆಲ್‌ಗೆ ಹಾಕಿತು. ಬೇರೆ ಕಾಮೆಂಟೇಟರ್‌ಗಳ ಜೊತೆ ಇನ್ನೊಂದು ಪೂರ್ತಿ ಪ್ರಸಾರ ಆ ರಾತ್ರಿ ಅಲ್ಲೇ, ಅದೇ ಕ್ರೀಡಾಂಗಣದಿಂದ ನಡೆಯುತ್ತಿತ್ತು ಅಂತ ಅಮೆರಿಕದ ಎಷ್ಟೋ ಜನಕ್ಕೆ ಗೊತ್ತಾದದ್ದೇ ಆಗ.

ಏಳು ಜನ ಎಲ್ಲಿ?

ಕ್ಯಾಮೆರಾ ದೂರು ಚಿಕ್ಕದು, ಆದರೆ ಆಟ ಬಲ್ಲವರ ದೂರು. ಬೇಸ್‌ಬಾಲ್‌ನ ಮುಖ್ಯ ದೃಶ್ಯ ಮೈದಾನದ ಆಚೆ ತುದಿಯ ಕ್ಯಾಮೆರಾದ್ದು. ಪಿಚರ್ ಬೆನ್ನು, ಬ್ಯಾಟರ್, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ), ಅಂಪೈರ್. ಫೀಲ್ಡಿಂಗ್ ತಂಡದ ಉಳಿದ ಏಳು ಜನ ಚೌಕಟ್ಟಿನಾಚೆ. ಅವರು ಮುಂದೆ ಬಂದಿದ್ದಾರಾ, ಬಲಕ್ಕೆ ಸರಿದಿದ್ದಾರಾ ಅನ್ನುವುದರಲ್ಲೇ ಅರ್ಧ ಆಟ ಇದೆ. ಫೀಲ್ಡ್ ಸೆಟ್ಟಿಂಗ್ ತೋರಿಸದೆ ಕ್ರಿಕೆಟ್ ತೋರಿಸಿದ ಹಾಗೆ. ಬಾಲ್ ಮತ್ತು ಬಾಲ್ ನಡುವೆ ಸಿಗುವ ಹದಿನೈದು ಸೆಕೆಂಡಿನಲ್ಲಿ ಅದನ್ನು ತೋರಿಸಬಹುದು. ತೋರಿಸುವುದು ಮಾತ್ರ ಪಿಚರ್‌ನ ಮೂಗಿನ ಮೇಲಿನ ಬೆವರು, ಕೈ ಜೋಡಿಸಿ ಪ್ರಾರ್ಥಿಸುವ ಪ್ರೇಕ್ಷಕಿ, ಡಗ್‌ಔಟ್‌ನಲ್ಲಿ ಉಗುಳುವ ಮ್ಯಾನೇಜರ್.

ಈ ಮುಖದ ಹುಚ್ಚಿಗೂ ಒಂದು ಹುಟ್ಟುಕಥೆ ಇದೆ. 1975ರ ಆರನೇ ಪಂದ್ಯದಲ್ಲಿ ಬಾಸ್ಟನ್‌ನ ಕಾರ್ಲ್‌ಟನ್ ಫಿಸ್ಕ್ 12ನೇ ಇನ್ನಿಂಗ್ಸ್‌ನಲ್ಲಿ ಬಾಲ್ ಎತ್ತಿ ಹೊಡೆದು, ಅದು ಗೆರೆಯೊಳಗೇ ಇರಲಿ ಅಂತ ಎರಡೂ ಕೈಯಿಂದ ಗಾಳಿಯಲ್ಲಿ ತಳ್ಳಿದರು. ಕ್ಯಾಮೆರಾ ಬಾಲ್ ಬಿಟ್ಟು ಅವರನ್ನೇ ಹಿಡಿದಿತ್ತು. ಸ್ಕೋರ್‌ಬೋರ್ಡ್ ಒಳಗೆ ಕೂತಿದ್ದ ಕ್ಯಾಮೆರಾಮನ್, ಪಕ್ಕದಲ್ಲಿ ಇಲಿ ಇತ್ತು, ಅದರ ಮೇಲೆ ಕಣ್ಣಿಟ್ಟಿದ್ದರಿಂದ ಬಾಲ್ ಹಿಂದೆ ಹೋಗಲಾಗಲಿಲ್ಲ ಎಂದು ಆಮೇಲೆ ಹೇಳಿದರು. ಆ ದೃಶ್ಯ ಎಷ್ಟು ಹೆಸರು ಮಾಡಿತೆಂದರೆ, ಆಟಗಾರನ ಪ್ರತಿಕ್ರಿಯೆ ತೋರಿಸುವುದೇ ಪದ್ಧತಿಯಾಯಿತು. ನಿಯಮ ಗೊತ್ತಿಲ್ಲದವನಿಗೂ ಮುಖ ಅರ್ಥವಾಗುತ್ತದೆ. ಮತ್ತೆ ನೆಂಟರ ಲೆಕ್ಕವೇ.

2028ರ ಆಚೆ

ಲೀಗಿನ ದೊಡ್ಡ ರಾಷ್ಟ್ರೀಯ ಒಪ್ಪಂದಗಳೆಲ್ಲ 2028ರಲ್ಲಿ ಒಟ್ಟಿಗೇ ಮುಗಿಯುತ್ತವೆ. ಇದು ಸುಮ್ನೆ ಆದದ್ದಲ್ಲ, ಹಾಗೆ ಹೊಂದಿಸಲಾಗಿದೆ. ಸ್ಥಳೀಯ ಪ್ರಸಾರ ಹಕ್ಕುಗಳನ್ನೂ ಸೇರಿಸಿ ದೊಡ್ಡ ಗಂಟಾಗಿ ಮಾರಬೇಕು ಅನ್ನುವುದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರ ಆಸೆ. ಅನೇಕ ತಂಡಗಳ ಪಂದ್ಯ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲೆ ಆ ಆಸೆ ಇನ್ನೂ ಬಲವಾಗಿದೆ. ಅದಕ್ಕೂ ಮುಂಚೆ, 2026ರ ಡಿಸೆಂಬರ್ 1ಕ್ಕೆ ಆಟಗಾರರ ಜೊತೆಗಿನ ಒಪ್ಪಂದ ಮುಗಿಯುತ್ತದೆ. ಅಲ್ಲಿ ಜಗಳವಾದರೆ ಟೀವಿಯ ಮಾತು ಹಿಂದಕ್ಕೆ ಹೋಗುತ್ತದೆ.

ವರ್ಲ್ಡ್ ಸೀರೀಸ್ ಸ್ಟ್ರೀಮಿಂಗ್ ಕಂಪನಿಯ ಕೈಗೆ ಹೋದರೆ ಅಭಿಮಾನಿಗೆ ಒಂದು ಲಾಭ ಆಗಬಹುದು: ದನಿ ಆರಿಸಿಕೊಳ್ಳುವ ಗುಂಡಿ. ನಮಗೆ ಇದು ಹೊಸದೇನಲ್ಲ. ಐಪಿಎಲ್ ಫೈನಲ್ ಅನ್ನು ಕನ್ನಡದಲ್ಲಿ ಬೇಕಾ, ಇಂಗ್ಲಿಷ್‌ನಲ್ಲಿ ಬೇಕಾ ಅಂತ ಫೋನಿನಲ್ಲೇ ಒತ್ತಿ ಆರಿಸಿಕೊಳ್ಳುತ್ತೇವೆ. ಡಾಡ್ಜರ್ಸ್ ದನಿ, ಯಾಂಕೀಸ್ ದನಿ ಅಂತ ಎರಡು ಗುಂಡಿ ಕೊಡುವುದು ತಾಂತ್ರಿಕವಾಗಿ ದೊಡ್ಡ ವಿಷಯವಲ್ಲ. ನಷ್ಟ ಏನೆಂದರೆ ಆಂಟೆನಾ. ಇವತ್ತು ಫಾಕ್ಸ್‌ನ್ನು ಬೈಯುವ ಅಭಿಮಾನಿ ಬೈಯುತ್ತಿರುವುದು ಪುಕ್ಕಟೆ ಸಿಗುವ ಒಂದು ಪ್ರಸಾರವನ್ನು. ನಾಳೆ ಅದೇ ಆಟಕ್ಕೆ ತಿಂಗಳ ಚಂದಾ ಕಟ್ಟಿ, ಜಾಹೀರಾತನ್ನೂ ನೋಡುವ ಸ್ಥಿತಿ ಬರುವುದಿಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ.

ಅಲ್ಲಿಯವರೆಗೆ ಹಟಮಾರಿ ಅಭಿಮಾನಿ ಮಾಡುವುದು ಹಳೇ ಉಪಾಯ. ಟೀವಿ ದನಿ ಅಡಗಿಸಿ, ತನ್ನ ಊರಿನ ರೇಡಿಯೋ ಹಾಕಿಕೊಳ್ಳುವುದು. 1980ರಲ್ಲಿ ಫಿಲಡೆಲ್ಫಿಯಾದವರು ಜಗಳವಾಡಿ ಗಿಟ್ಟಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೇ ಅನಲಾಗ್ ಟೀವಿಯಲ್ಲಿ ಎರಡೂ ಸರಿಯಾಗಿ ಕೂಡಿ ಬರುತ್ತಿದ್ದವು. 2009ರಲ್ಲಿ ಅಮೆರಿಕದ ಟೀವಿ ಡಿಜಿಟಲ್ ಆದ ಮೇಲೆ ಚಿತ್ರ ಕೆಲವು ಸೆಕೆಂಡ್ ಹಿಂದೆ ಬಿತ್ತು. ಈಗ ಜನ ರೇಡಿಯೋವನ್ನು ಫೋನಿನ ಆ್ಯಪ್‌ನಲ್ಲಿ ಕೇಳುತ್ತಾರೆ. ಅದು ಟೀವಿಗಿಂತ ತಡ, ಹಾಗಾಗಿ ಟೀವಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬ್ಯಾಟಿಗೆ ಬಾಲ್ ತಗಲುವ ಸದ್ದಿಗೂ ಚಿತ್ರಕ್ಕೂ ತಾಳೆ ಹಾಕಿ, ಮತ್ತೆ ಬಿಡುತ್ತಾರೆ. ಆಟ ಸ್ಟ್ರೀಮಿಂಗ್‌ಗೆ ಹೋದರೆ ಚಿತ್ರ ಇನ್ನೂ ಹಿಂದೆ ಬೀಳುತ್ತದೆ. ಆಗ ಟೀವಿಯಲ್ಲಿ ಪಿಚರ್ ಇನ್ನೂ ಬಾಲ್ ಹಿಡಿದು ನಿಂತಿರುವಾಗಲೇ ಕಿವಿಯಲ್ಲಿ ಹೋಮ್ ರನ್ ಆಗಿಹೋಗಿರುತ್ತದೆ.